ಬಂಬಾಲಿಯ ಬಾಲಕ

ಮಕ್ಕಳ ಆಟಪಾಟಗಳನ್ನು ಕಂಡು ಹಿಗ್ಗದ ತಾಯಿತಂದೆಗಳು ವಿರಳ. ಆದರೆ ಆ ಆಟವನ್ನೇ ಜೀವನೋಪಾಯವಾಗಿ ಹಿಡಿಯುವೆನೆಂದು ಮಗನು ಹಟತೊಟ್ಟು ನಿಂತಾಗ ಹಿಗ್ಗುವವರು ಅದಕ್ಕಿಂತಲೂ ವಿರಳ. ಹೊಲದ ಕೆಲಸಕ್ಕೆ ಕೈಯಾಗಬೇಕಾದವನು, ಓದಿ ನಾಲ್ಕು ಕಾಸು ಸಂಪಾದಿಸಬೇಕಾದವನು, ಚೆಂಡಿನ ಹಿಂದೆ ಓಡುವೆನೆಂದರೆ ಹಿರಿಯರ ಎದೆ ನಡುಗುವುದು ಸಹಜವಾಗಿದೆ. ಆ ಹೆದರಿಕೆಯು ಮೌಢ್ಯವೆಂದು ನಗುವವರಿದ್ದಾರೆ. ಆ ಹಂಬಲವು ಹುಚ್ಚೆಂದು ಹಳಿಯುವವರೂ ಇದ್ದಾರೆ. ಹಿರಿಯರ ಹೆದರಿಕೆಯೂ ಮಗನ ಹಂಬಲವೂ ಎರಡೂ ನ್ಯಾಯವಾಗಿಯೇ ಇದ್ದ ಒಂದು ಮನೆಯ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಲು ಇಚ್ಛಿಸುವೆವು.

ಆ ಮನೆ ಇರುವುದು ಆಫ್ರಿಕಾ ಖಂಡದ ಪಡುವಣ ಅಂಚಿನ ಸೆನೆಗಲ್ ದೇಶದಲ್ಲಿ. ಆ ಮನೆಯ ಮಗನೇ ೨೦೧೧ರಿಂದ ೨೦೨೩ರವರೆಗೆ ಯುರೋಪು ಖಂಡದ ಕಾಲ್ಚೆಂಡಿನ ಬಯಲುಗಳಲ್ಲಿ ಆಡಿ ಪ್ರಖ್ಯಾತನಾದ ಸಾದಿಯೋ ಮಾನೆ. ಆಟದಲ್ಲಿ ಆಸಕ್ತಿಯುಳ್ಳ ಕಿರಿಯರಿಗೆ ಈ ಹೆಸರು ಹೊಸದಲ್ಲ. ಆದರೆ ಅವನು ಹೊಡೆದ ಗೋಲುಗಳ ಲೆಕ್ಕವನ್ನು ಬಲ್ಲವರಲ್ಲಿಯೂ, ಅವನು ಊರು ಬಿಟ್ಟ ಬಗೆಯನ್ನು ಬಲ್ಲವರು ಕಡಮೆ. ಗೃಹಸ್ಥರಾದ ನಮಗೆ ಆ ಎರಡನೆಯ ಸಂಗತಿಯೇ ಹೆಚ್ಚು ವಿಚಾರಾರ್ಹವೆಂದು ತೋರುವುದು.

ಸೆನೆಗಲ್ ದೇಶದ ಭೂಪಟವನ್ನು ನೋಡಿದವರಿಗೆ ಒಂದು ವಿಚಿತ್ರವು ಕಾಣುವುದು. ಗಾಂಬಿಯಾ ಎಂಬ ಇನ್ನೊಂದು ಪುಟ್ಟ ದೇಶವು ಸಮುದ್ರದ ಕಡೆಯಿಂದ ಬೆರಳಿನಂತೆ ಒಳಕ್ಕೆ ಚಾಚಿಕೊಂಡು, ಸೆನೆಗಲ್ಲಿನ ದಕ್ಷಿಣಭಾಗವನ್ನು ಉಳಿದ ನಾಡಿನಿಂದ ಬಹುಮಟ್ಟಿಗೆ ಬೇರ್ಪಡಿಸಿದೆ. ಹಿಂದೆ ಇಂಗ್ಲಿಷರೂ ಫ್ರೆಂಚರೂ ನೆಲವನ್ನು ತಮ್ಮೊಳಗೆ ಹಂಚಿಕೊಂಡಾಗ ಎಳೆದ ಗೆರೆಯಿದು. ೧೯೬೦ರಲ್ಲಿ ಸೆನೆಗಲ್ ಸ್ವತಂತ್ರವಾದ ಮೇಲೆಯೂ ಗೆರೆ ಹಾಗೆಯೇ ಉಳಿಯಿತು. ಹೀಗೆ ದೂರವಾದ ದಕ್ಷಿಣದ ಸೀಮೆಗೆ ಕಾಸಮಾನ್ಸ್ ಎಂದು ಹೆಸರು. ಅದೇ ಹೆಸರಿನ ಹೊಳೆಯೊಂದು ಅದರ ನಡುವೆ ಹರಿಯುವುದು. ಮಳೆ ಚೆನ್ನಾಗಿ ಬೀಳುವ, ಬತ್ತ ಬೆಳೆಯುವ ಹಸಿರು ನಾಡು ಅದು. ಆದರೂ ರಾಜಧಾನಿಯ ಕಣ್ಣಿಗೆ ಅದು ಎಂದೂ ದೂರವೇ. ೧೯೮೨ರಲ್ಲಿ ಅಲ್ಲಿ ಪ್ರತ್ಯೇಕತೆಯ ಹೋರಾಟವು ಮೊದಲಾಗಿ ಅನೇಕ ವರ್ಷಗಳ ಕಾಲ ಜನರ ನೆಮ್ಮದಿಯನ್ನು ಕೆಡಿಸಿತು.

ಆ ಸೀಮೆಯ ಬಂಬಾಲಿ ಎಂಬ ಹಳ್ಳಿಯಲ್ಲಿ ೧೯೯೨ನೆಯ ಇಸವಿ ಏಪ್ರಿಲ್ ೧೦ರಂದು ಸಾದಿಯೋ ಹುಟ್ಟಿದನು. ರಾಜಧಾನಿಯಾದ ಡಾಕಾರ್ ಪಟ್ಟಣವು ಅಲ್ಲಿಂದ ಸುಮಾರು ೪೦೦ ಕಿಲೋಮೀಟರು ದೂರ. ಹಳ್ಳಿಗರದು ಬೇಸಾಯದ ಬಾಳು. ತಂದೆಯು ಊರಿನ ಮಸೀದಿಯಲ್ಲಿ ಇಮಾಮರಾಗಿದ್ದವರು. ದೈವಭಕ್ತಿಯ ಆ ಮನೆಯಲ್ಲಿ ಕಾಲ್ಚೆಂಡಿಗೆ ಮನ್ನಣೆಯಿರಲಿಲ್ಲ. ಮಗನಿಗೆ ಏಳು ವರ್ಷವಾದಾಗ ತಂದೆಯು ಕಾಯಿಲೆಬಿದ್ದರು. ಊರಿನಲ್ಲಿ ಆಸ್ಪತ್ರೆಯಿರಲಿಲ್ಲ. ನಾಟೀ ಔಷಧದಿಂದ ಕೆಲವು ಕಾಲ ಗುಣ ಕಂಡಂತಾಗಿ ರೋಗವು ಮತ್ತೆ ಮರುಕಳಿಸಿತು. ಚಿಕಿತ್ಸೆಗೆಂದು ಬೇರೊಂದು ಊರಿಗೆ ಕರೆದೊಯ್ಯಲಾಗಿ, ತಂದೆಯು ಅಲ್ಲಿಯೇ ತೀರಿಕೊಂಡರು. ಮೈದಾನದಲ್ಲಿ ಆಟಕ್ಕೆ ನಿಂತಿದ್ದ ಹುಡುಗನಿಗೆ ಬಂಧುವಾದ ಇನ್ನೊಬ್ಬ ಹುಡುಗನು ಬಂದು ಸುದ್ದಿ ಹೇಳಿದಾಗ, ಇವನು ತಮಾಷೆ ಮಾಡುತ್ತಿರುವನೆಂದೇ ಮೊದಲು ಎಣಿಸಿದ್ದನಂತೆ. ಈ ಮಾತನ್ನು ಮುಂದೆ ಪ್ರಸಿದ್ಧನಾದ ಮೇಲೆ ಅವನೇ ಹೇಳಿದ್ದಾನೆ.

ಆ ಬಳಿಕ ಬಂಧುಗಳಲ್ಲಿ ಹಿರಿಯರೊಬ್ಬರು ಆ ಕುಟುಂಬಕ್ಕೆ ಆಸರೆಯಾಗಿ ನಿಂತರು. ತಾಯಿಯದೂ ಹಿರಿಯರದೂ ಒಂದೇ ಅಪೇಕ್ಷೆ: ಹುಡುಗನು ಓದಿ ಉಪಾಧ್ಯಾಯನಾಗಬೇಕು. ಅದರಲ್ಲಿ ತಪ್ಪೇನಿದೆ? ತಂದೆಯಿಲ್ಲದ ಮನೆಗೆ ತಿಂಗಳು ತಿಂಗಳಿಗೆ ಬರುವ ಸಂಬಳಕ್ಕಿಂತ ದೊಡ್ಡ ಆಸೆ ಯಾವುದಿರಬಲ್ಲುದು? ಹುಡುಗನಾದರೋ ಸಿಕ್ಕಿದ್ದನ್ನೇ ಚೆಂಡಾಗಿ ಒದೆಯುತ್ತ ಬೀದಿಯಲ್ಲಿ ಬೆಳೆದನು.

೨೦೦೨ನೆಯ ಇಸವಿಯು ಆ ದೇಶದ ಪಾಲಿಗೆ ಮರೆಯಲಾಗದ ವರ್ಷ. ಆ ವರ್ಷ ಮೇ ೩೧ರಂದು ಕೊರಿಯಾ ದೇಶದ ಸಿಯೋಲ್ ನಗರದಲ್ಲಿ ವಿಶ್ವಕಪ್ಪಿನ ಮೊದಲನೆಯ ಪಂದ್ಯವು ನಡೆಯಿತು. ಹಿಂದಿನ ಬಾರಿ ಕಪ್ಪನ್ನು ಗೆದ್ದ ಫ್ರಾನ್ಸು ಒಂದು ಕಡೆ. ಮೊದಲ ಬಾರಿಗೆ ವಿಶ್ವಕಪ್ಪಿನ ಕಣಕ್ಕಿಳಿದ ಸೆನೆಗಲ್ ಇನ್ನೊಂದು ಕಡೆ. ಪಾಪ ಬೂಬಾ ದಿಯೋಪ್ ಹೊಡೆದ ಒಂದೇ ಗೋಲಿನಿಂದ ಸೆನೆಗಲ್ ಗೆದ್ದಿತು. ಆಳಿಸಿಕೊಂಡವರು ಆಳಿದವರನ್ನು ಸೋಲಿಸಿದರೆಂದು ನಾಡಿಗೆ ನಾಡೇ ಬೀದಿಗಿಳಿದು ಕುಣಿಯಿತು. ಬಂಬಾಲಿಯ ಹುಡುಗನಿಗೆ ಆಗ ಹತ್ತು ವರ್ಷ. ಆ ತಂಡದ ಆಟಗಾರರಲ್ಲಿ ಹೆಚ್ಚು ಕಡಮೆ ಎಲ್ಲರೂ ಫ್ರಾನ್ಸಿನ ಕ್ಲಬ್ಬುಗಳಲ್ಲಿಯೇ ಆಡುತ್ತಿದ್ದವರು. ಚೆಂಡಾಟದಿಂದ ದೊಡ್ಡವನಾಗಬೇಕಾದರೆ ಕಡಲು ದಾಟಬೇಕೆಂಬ ಪಾಠವನ್ನು ಹಳ್ಳಿಹಳ್ಳಿಯ ಹುಡುಗರೂ ಅಂದು ಕಲಿತರು.

ಆ ದಾರಿ ಹೊಸದಾಗಿರಲಿಲ್ಲ. ೧೯೬೭ರಲ್ಲಿ ನೆರೆಯ ಮಾಲಿ ದೇಶದ ಸಲೀಫ್ ಕೇಟಾ ಎಂಬ ತರುಣನು ತನ್ನವರ ಕಣ್ಣು ತಪ್ಪಿಸಿ ಹೊರಟು ಪ್ಯಾರಿಸಿನಲ್ಲಿ ವಿಮಾನದಿಂದಿಳಿದಾಗ, ಎದುರುಗೊಳ್ಳಲು ಯಾರೂ ಇರಲಿಲ್ಲ. ಅವನು ಬಾಡಿಗೆಯ ಮೋಟಾರನ್ನು ಹತ್ತಿ, ಸುಮಾರು ೫೦೦ ಕಿಲೋಮೀಟರು ದೂರದ ಸಾಂತ್ ಎತಿಯೆನ್ ಪಟ್ಟಣದ ಕ್ಲಬ್ಬಿನ ಬಾಗಿಲಿಗೆ ಹೋಗಿ ಇಳಿದನು. ಬಾಡಿಗೆಯನ್ನು ಕ್ಲಬ್ಬಿನವರು ತೆತ್ತರು. ೧೯೭೦ರಲ್ಲಿ ಆಫ್ರಿಕಾದ ಶ್ರೇಷ್ಠ ಕಾಲ್ಚೆಂಡಾಟಗಾರನೆಂಬ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಮೊದಲು ಅದನ್ನು ಪಡೆದವನು ಆ ಕೇಟಾನೇ. ಇಂತಹ ಕಥೆಗಳು ಬಾಯಿಂದ ಬಾಯಿಗೆ ಹರಡಿ, ಮನೆಬಿಟ್ಟು ಹೊರಟವನೇ ಗೆಲ್ಲುವನೆಂಬ ಭಾವನೆಯು ಆ ನಾಡುಗಳ ಹುಡುಗರಲ್ಲಿ ಬೇರೂರಿತು.

ಸಾದಿಯೋ ಕೂಡ ಹಾಗೆಯೇ ಹೊರಟನು. ಆಗ ಅವನಿಗೆ ಹದಿನೈದು ವರ್ಷಗಳ ವಯಸ್ಸು. ಈ ಗುಟ್ಟನ್ನು ಬಲ್ಲವನು ಆಪ್ತಮಿತ್ರನೊಬ್ಬನೇ. ಹಿಂದಿನ ರಾತ್ರಿಯೇ ಬಟ್ಟೆಯ ಚೀಲವನ್ನು ಮನೆಯ ಮುಂದೆ ಎತ್ತರವಾಗಿ ಬೆಳೆದ ಹುಲ್ಲಿನಲ್ಲಿ ಬಚ್ಚಿಟ್ಟು, ನಸುಕಿನಲ್ಲಿ ಎದ್ದು, ತಾಯಿಗೂ ಹೇಳದೆ ಡಾಕಾರಿನ ದಾರಿ ಹಿಡಿದನು.

ಬೆಳಗಾಗಿ ಮಗನ ಹಾಸಿಗೆ ಬರಿದಾಗಿದ್ದುದನ್ನು ಕಂಡ ತಾಯಿಯ ಪಾಡೇನಾಗಿರಬೇಕು! ಕಾಸಮಾನ್ಸಿನವರಿಗೆ ಡಾಕಾರಿನ ದಾರಿಯೆಂದರೆ ಕೇವಲ ದೂರದ ದಾರಿಯಲ್ಲ. ೨೦೦೨ರ ಸೆಪ್ಟೆಂಬರ್ ೨೬ರಂದು, ವಿಶ್ವಕಪ್ಪಿನ ಸಂಭ್ರಮವು ಇನ್ನೂ ಆರುವ ಮುನ್ನವೇ, ಆ ಸೀಮೆಯ ಜಿಗಿನ್‌ಶೋರ್ ಪಟ್ಟಣದಿಂದ ಡಾಕಾರಿಗೆ ಹೊರಟ ಜೂಲಾ ಎಂಬ ಹಡಗು ಮಿತಿಮೀರಿದ ಜನರನ್ನು ತುಂಬಿಕೊಂಡು, ಬಿರುಗಾಳಿಗೆ ಸಿಕ್ಕಿ ಮಗುಚಿ, ೧೮೦೦ಕ್ಕೂ ಮೇಲ್ಪಟ್ಟ ಜನರು ನೀರುಪಾಲಾದರು. ಪಟ್ಟಣಕ್ಕೆ ಓದಲು ಹೊರಟ ಮಕ್ಕಳು ಅವರಲ್ಲಿ ಎಷ್ಟೋ ಮಂದಿ. ಆ ನೆನಪು ಆ ಸೀಮೆಯ ಮನೆಗಳಲ್ಲಿ ಹಸಿಯಾಗಿಯೇ ಇದ್ದಿತು. ಇಂತಹ ನಾಡಿನ ತಾಯಿಯು ಮಗನನ್ನು ಕಾಣದೆ ಹೆದರಿದಳೆಂದರೆ ಅದನ್ನು ಹಳ್ಳಿಯವರ ಅಳ್ಳೆದೆಯೆಂದು ಯಾರು ಹೇಳಬಲ್ಲರು?

ಮನೆಯವರು ಆ ಮಿತ್ರನನ್ನು ಹಿಡಿದು ಕೇಳಲಾಗಿ ಅವನು ಕೊನೆಗೆ ಬಾಯಿಬಿಟ್ಟನು. ಹುಡುಗನನ್ನು ಡಾಕಾರಿನಲ್ಲಿ ಪತ್ತೆ ಹಚ್ಚಿದರು. ಅವನಿಗೆ ಹಿಂದಿರುಗಲು ಮನಸ್ಸಿಲ್ಲ. ಊರಿಗೆ ಸೋತು ಬಂದನೆಂಬ ನಾಚಿಕೆ ಬೇರೆ. ಇಲ್ಲಿಯೇ ನಮ್ಮ ಕಥೆಯ ಮರ್ಮವಿರುವುದು. ಹಿರಿಯರು ಕೋಲು ಹಿಡಿದು ಎಳೆತಂದಿದ್ದರೆ ಹುಡುಗನು ಮತ್ತೊಮ್ಮೆ ಓಡುತ್ತಿದ್ದನು; ಹುಡುಗನು ಹಟವನ್ನೇ ಸಾಧಿಸಿದ್ದರೆ ಪಟ್ಟಣದ ಬೀದಿಯಲ್ಲಿ ಗತಿಯಿಲ್ಲದವನಾಗುತ್ತಿದ್ದನು. ಎರಡೂ ಕಡೆಯವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಹುಡುಗನು ಊರಿಗೆ ಮರಳಿ ಇನ್ನೊಂದು ವರ್ಷ ಶಾಲೆಯಲ್ಲಿ ಓದುವುದು. ಆ ವರ್ಷವು ಮುಗಿದ ಬಳಿಕ ಮನೆಯವರು ತಾವಾಗಿಯೇ ಅವನನ್ನು ಕಳುಹಿಸಿಕೊಡುವುದು. ಕಾಗದ ಪತ್ರಗಳಿಲ್ಲದ ಈ ಕರಾರನ್ನು ಇಬ್ಬರೂ ನಡೆಸಿಕೊಟ್ಟರು. ಹುಡುಗನು ವರ್ಷವನ್ನು ಪೂರೈಸಿದನು. ಮನೆಯವರು ಬೆಳೆದ ಬೆಳೆಯನ್ನು ಮಾರಿ ದಾರಿಯ ಖರ್ಚಿಗೆ ಹಣವನ್ನು ಒದಗಿಸಿದರು.

ಬೇಸಾಯವನ್ನು ಬಲ್ಲ ವಾಚಕರಿಗೆ ಈ ಕಡೆಯ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಣಜದಲ್ಲಿರುವ ಧಾನ್ಯವು ವರ್ಷದ ಅನ್ನ. ಅದನ್ನು ಮಾರಿ ಹುಡುಗನ ಕಾಲಿನ ಮೇಲೆ ಹಣ ಕಟ್ಟುವುದೆಂದರೆ, ಮನೆಮಂದಿಯೆಲ್ಲ ಒಂದು ಹೊತ್ತಿನ ಊಟವನ್ನು ಒತ್ತೆಯಿಟ್ಟ ಹಾಗೆ. ಮುಂದೆ ಅವನು ಗಳಿಸಿದ ಸಂಪತ್ತೆಲ್ಲಕ್ಕೂ ಮೂಲಧನವು ಆ ಧಾನ್ಯವೇ.

ಡಾಕಾರಿನಲ್ಲಿ ಜೆನರೇಶಿಯೋಂ ಫೂಟ್ ಎಂಬ ಕಾಲ್ಚೆಂಡಿನ ಶಾಲೆಯೊಂದುಂಟು. ಮಾದಿ ತೂರೆ ಎಂಬವರು ೨೦೦೦ದಲ್ಲಿ ಅದನ್ನು ಸ್ಥಾಪಿಸಿದರು. ಹುಡುಗರಿಗೆ ಅಲ್ಲಿ ಊಟ, ವಸತಿ, ಓದು, ಆಟದ ಶಿಕ್ಷಣ ಎಲ್ಲವೂ ದೊರೆಯುವುದು. ಫ್ರಾನ್ಸು ದೇಶದ ಮೆಟ್ಸ್ ಪಟ್ಟಣದ ಕ್ಲಬ್ಬು ಈ ಶಾಲೆಯೊಡನೆ ಒಪ್ಪಂದ ಮಾಡಿಕೊಂಡು ಹಣದ ನೆರವನ್ನಿತ್ತಿತು. ಅದಕ್ಕೆ ಪ್ರತಿಯಾಗಿ, ಅಲ್ಲಿ ತಯಾರಾದ ಹುಡುಗರಲ್ಲಿ ಮೇಲಾದವರನ್ನು ಮೊದಲು ಆರಿಸಿಕೊಳ್ಳುವ ಅವಕಾಶವನ್ನು ಪಡೆಯಿತು. ಪಾಪಿಸ್ ಸಿಸ್ಸೆ, ಇಸ್ಮಾಯಿಲಾ ಸಾರ್ ಮುಂತಾದವರು ಯುರೋಪಿಗೆ ಹೋದುದು ಈ ಬಾಗಿಲಿನಿಂದಲೇ.

ಆ ಶಾಲೆಯ ಆಯ್ಕೆಯ ದಿನ ನೂರಾರು ಹುಡುಗರ ನಡುವೆ ಬಂಬಾಲಿಯವನೂ ಸರದಿಯಲ್ಲಿ ನಿಂತನು. ಪರೀಕ್ಷಿಸುವ ವೃದ್ಧರೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, ನೀನೂ ಪರೀಕ್ಷೆಗೆ ಬಂದವನೇ ಎಂದು ಸಂಶಯಪಟ್ಟರಂತೆ. ಬೂಟುಗಳು ಎರಡೂ ಮಗ್ಗುಲಲ್ಲಿ ಹರಿದು ಹೋಗಿದ್ದುವು. ಚಡ್ಡಿಯಾದರೂ ಆಟಕ್ಕೆ ಹೊಲಿಸಿದ್ದಲ್ಲ. ತನ್ನಲ್ಲಿದ್ದುದರಲ್ಲಿ ಒಳ್ಳೆಯದನ್ನೇ ತೊಟ್ಟು ಬಂದಿರುವೆನೆಂದು ಹುಡುಗನು ವಿನಯದಿಂದ ಉತ್ತರವಿತ್ತನು. ಆಟ ಮೊದಲಾದ ಮೇಲೆ ಆ ವೃದ್ಧರ ಸಂಶಯ ಉಳಿಯಲಿಲ್ಲ. ಅಂದೇ ಅವನನ್ನು ಆರಿಸಿಕೊಂಡರು.

೨೦೧೧ರಲ್ಲಿ ಮೆಟ್ಸ್ ಕ್ಲಬ್ಬಿನಿಂದ ಕರೆ ಬಂದಿತು. ಆ ವೇಳೆಗೆ ಅವನಿಗೆ ಹದಿನೆಂಟು ವರ್ಷ ದಾಟಿದ್ದಿತು. ಆದರೆ ಆ ಸುದ್ದಿಯನ್ನು ಅವನು ತಾಯಿಗೆ ತಿಳಿಸಲಿಲ್ಲ. ಹೊಸ ನಾಡನ್ನು ಮುಟ್ಟಿದ ಮೇಲೆ ಟೆಲಿಫೋನಿನಲ್ಲಿ, ತಾನು ಫ್ರಾನ್ಸಿನಲ್ಲಿರುವುದಾಗಿ ಹೇಳಿದನು. ತಾಯಿ ನಂಬಲಿಲ್ಲ. ಮಗನು ಡಾಕಾರಿನಲ್ಲಿಯೇ ಇದ್ದುಕೊಂಡು ತನ್ನನ್ನು ಹಾಸ್ಯಮಾಡುತ್ತಿರುವನೆಂದು ಎಣಿಸಿದಳು. ದಿನದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಕಡೆಗೆ ಟೆಲಿವಿಷನ್ನಿನಲ್ಲಿ ಮಗನು ಆಡುವುದನ್ನು ನೋಡಲು ಹೇಳಿದಾಗ, ಕಣ್ಣಾರೆ ಕಂಡು ನಂಬಿದಳಂತೆ. ಬತ್ತದ ಗದ್ದೆಯ ಅಂಚಿನಿಂದ ಹೋದವನು ಹಿಮ ಬೀಳುವ ನಾಡಿನಲ್ಲಿ ಓಡುತ್ತಿರುವುದನ್ನು ಕಂಡ ಆ ತಾಯಿಗೆ ಸಂತೋಷವೆಷ್ಟೋ, ಸಂಕಟವೆಷ್ಟೋ!

ಯುರೋಪಿನಲ್ಲಿ ಕಾಲಿಟ್ಟ ಕೂಡಲೆ ಬಂಗಾರವು ಸುರಿಯಿತೆಂದು ವಾಚಕರು ಎಣಿಸಬಾರದು. ಮೆಟ್ಸಿಗೆ ಬಂದಾಗ ಅವನ ಮೈಯಲ್ಲಿ ನೋವಿದ್ದಿತು. ಹೇಳಿದರೆ ಎಲ್ಲಿ ಹಿಂದಕ್ಕೆ ಕಳುಹಿಸುವರೋ ಎಂಬ ಭಯದಿಂದ ಅದನ್ನು ಮುಚ್ಚಿಟ್ಟು ಆಡಿದನು. ನೋವು ಬಲಿತು, ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು. ೨೦೧೨ರ ಜನವರಿಯಲ್ಲಿ ಮೊದಲ ಪಂದ್ಯವನ್ನು ಆಡಿದನು. ಅದೇ ವರ್ಷ ಮೇ ತಿಂಗಳಲ್ಲಿ ಮೆಟ್ಸ್ ತಂಡವು ಎರಡನೆಯ ದರ್ಜೆಯಿಂದ ಮೂರನೆಯ ದರ್ಜೆಗೆ ಇಳಿಯಿತು. ಅಲ್ಲಿಗೆ ಕಥೆ ಮುಗಿಯಬಹುದಾಗಿದ್ದಿತು. ಹಾಗೆ ಮುಗಿದ ಕಥೆಗಳು ಸಾವಿರಾರು. ಅವನ್ನು ಯಾರೂ ಬರೆಯುವುದಿಲ್ಲ.

ಆ ವರ್ಷದ ಬೇಸಗೆಯಲ್ಲಿ ಲಂಡನ್ನಿನಲ್ಲಿ ನಡೆದ ಒಲಿಂಪಿಕ್ ಕೂಟವು ಅವನಿಗೆ ಆಸರೆಯಾಯಿತು. ಸೆನೆಗಲ್ಲಿನ ತರುಣರ ತಂಡವು ಬ್ರಿಟನ್ನಿನೊಡನೆ ಸಮಮಾಡಿಕೊಂಡು, ಉರುಗ್ವೆಯನ್ನು ಸೋಲಿಸಿ, ಕೊನೆಯ ಎಂಟು ತಂಡಗಳ ಸಾಲಿಗೆ ಬಂದಿತು. ಬಂಬಾಲಿಯವನ ವೇಗವು ನಾಲ್ಕು ಮಂದಿಯ ಕಣ್ಣಿಗೆ ಬಿದ್ದಿತು. ಆಗಸ್ಟ್ ೩೧ರಂದು ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಕ್ಲಬ್ಬು ಅವನನ್ನು ಕೊಂಡಿತು. ೨೦೧೪ರಲ್ಲಿ ಆ ತಂಡವು ಆಸ್ಟ್ರಿಯಾದ ಲೀಗು, ಕಪ್ಪು ಎರಡನ್ನೂ ಗೆದ್ದಿತು. ಅದೇ ಜನವರಿಯಲ್ಲಿ ಜರ್ಮನಿಯ ಪ್ರಬಲ ತಂಡವಾದ ಬಾಯರ್ನ್ ಮ್ಯೂನಿಕ್ಕನ್ನು ಸ್ನೇಹಪಂದ್ಯದಲ್ಲಿ ಮೂರು ಗೋಲುಗಳಿಂದ ಮುರಿಯಿತು.

ಬಂಬಾಲಿಯ ಬಾಲಕನು ಈಗ ನಾಡುಗಳು ಬಲ್ಲ ಆಟಗಾರರಾದುದರಿಂದ, ಇನ್ನು ಮುಂದೆ ಅವರನ್ನು ಬಹುವಚನದಿಂದ ಕರೆಯುವುದೇ ಉಚಿತ. ಸುಮಾರು ಅದೇ ಕಾಲದಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ತಂಡದ ತರಬೇತುದಾರರಾಗಿದ್ದ ಯೂರ್ಗೆನ್ ಕ್ಲಾಪ್ ಅವರು ಮಾನೆಯವರನ್ನು ಕರೆಸಿ ಮಾತನಾಡಿದರು. ತಲೆಯ ಟೊಪ್ಪಿಗೆ ಓರೆಯಾಗಿತ್ತು. ಕೂದಲಿನಲ್ಲಿ ಹೊಂಬಣ್ಣದ ಪಟ್ಟಿಯಿತ್ತು. ಈ ವೇಷವನ್ನು ಕಂಡು, ಇವನು ಆಟಗಾರನಲ್ಲ, ಶೋಕಿಗಾರನೆಂದು ಕ್ಲಾಪ್ ಅವರಿಗೆ ತೋರಿ, ಬೇಡವೆಂದು ಬಿಟ್ಟರು. ತಮ್ಮ ಬಾಳಿನಲ್ಲಿ ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೊಂದೆಂದು ಅವರೇ ಆಮೇಲೆ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಡಾಕಾರಿನಲ್ಲಿ ಹರಕು ಬೂಟು, ಜರ್ಮನಿಯಲ್ಲಿ ಓರೆ ಟೊಪ್ಪಿಗೆ! ಉಡುಪನ್ನು ನೋಡಿ ಮನುಷ್ಯನನ್ನು ಅಳೆಯುವ ಚಾಳಿ ಎಲ್ಲ ಖಂಡಗಳಲ್ಲಿಯೂ ಒಂದೇ ಎಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

೨೦೧೪ರ ಸೆಪ್ಟೆಂಬರಿನಲ್ಲಿ ಮಾನೆಯವರು ಇಂಗ್ಲೆಂಡಿನ ಸೌತಾಂಪ್ಟನ್ ತಂಡವನ್ನು ಸೇರಿದರು. ೨೦೧೫ರ ಮೇ ೧೬ರಂದು ಆಸ್ಟನ್ ವಿಲ್ಲ ತಂಡದ ಮೇಲೆ ೨ ಮಿನಿಟು ೫೬ ಸೆಕೆಂಡುಗಳೊಳಗಾಗಿ ಮೂರು ಗೋಲುಗಳನ್ನು ಹೊಡೆದರು. ಪ್ರೀಮಿಯರ್ ಲೀಗಿನಲ್ಲಿ ಅದಕ್ಕೆ ಮುಂಚೆ ಅತ್ಯಂತ ವೇಗದ್ದೆಂದು ಹೆಸರಾಗಿದ್ದುದು ೧೯೯೪ರಲ್ಲಿ ರಾಬಿ ಫೌಲರ್ ಎಂಬವರು ೪ ಮಿನಿಟು ೩೩ ಸೆಕೆಂಡುಗಳಲ್ಲಿ ಹೊಡೆದ ಮೂರು ಗೋಲುಗಳು. ೨೦೧೬ರ ಜೂನ್ ತಿಂಗಳಲ್ಲಿ ಲಿವರ್‌ಪೂಲ್ ತಂಡವು ಸುಮಾರು ೩ ಕೋಟಿ ೪೦ ಲಕ್ಷ ಪೌಂಡುಗಳನ್ನು ಕೊಟ್ಟು ಅವರನ್ನು ತೆಗೆದುಕೊಂಡಿತು. ಆಗ ಆ ತಂಡದ ತರಬೇತುದಾರರು ಯಾರು? ಹಿಂದೆ ಬೇಡವೆಂದಿದ್ದ ಅದೇ ಕ್ಲಾಪ್ ಅವರು. ೨೦೧೯ರಲ್ಲಿ ಯುರೋಪಿನ ಚಾಂಪಿಯನ್ ಪದವಿ, ೨೦೨೦ರಲ್ಲಿ ಲಿವರ್‌ಪೂಲ್ ಮೂವತ್ತು ವರ್ಷಗಳಿಂದ ಕಾದಿದ್ದ ಇಂಗ್ಲಿಷ್ ಲೀಗಿನ ಪದವಿ ಇವೆರಡರಲ್ಲಿಯೂ ಅವರ ಪಾಲು ದೊಡ್ಡದು. ಆರು ವರ್ಷಗಳಲ್ಲಿ ಆ ತಂಡಕ್ಕಾಗಿ ೨೬೯ ಪಂದ್ಯಗಳನ್ನಾಡಿ ೧೨೦ ಗೋಲುಗಳನ್ನು ಹೊಡೆದರು. ೨೦೧೯ರಲ್ಲಿಯೂ ೨೦೨೨ರಲ್ಲಿಯೂ ಆಫ್ರಿಕಾದ ಶ್ರೇಷ್ಠ ಆಟಗಾರರೆಂಬ ಪ್ರಶಸ್ತಿಯು ಅವರಿಗೆ ಸಂದಿತು.

ಕ್ಲಬ್ಬಿನ ಕೀರ್ತಿ ಹೀಗಿರಲು, ತಾಯ್ನಾಡಿನ ಋಣವು ಅಷ್ಟು ಸುಲಭವಾಗಿ ತೀರಲಿಲ್ಲ. ಸೆನೆಗಲ್ ದೇಶವು ಆಫ್ರಿಕಾ ಖಂಡದ ಕಪ್ಪನ್ನು ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ೨೦೧೭ರ ಜನವರಿಯಲ್ಲಿ ಕ್ಯಾಮರೂನಿನೊಡನೆ ಆಡಿದ ಪಂದ್ಯವು ಸಮವಾಗಿ, ಪೆನಾಲ್ಟಿ ಒದೆತಗಳಿಂದ ನಿರ್ಣಯವಾಗಬೇಕಾದಾಗ ಮಾನೆಯವರ ಒದೆತವೇ ವ್ಯರ್ಥವಾಯಿತು; ಅವರು ಮೈದಾನದಲ್ಲಿ ಅತ್ತುಬಿಟ್ಟರು. ೨೦೧೯ರಲ್ಲಿ ಅಂತಿಮ ಪಂದ್ಯದಲ್ಲಿ ಅಲ್ಜೀರಿಯಾಕ್ಕೆ ಸೋತರು. ೨೦೨೨ರ ಫೆಬ್ರವರಿ ೬ರಂದು ಯೌಂದೆ ನಗರದಲ್ಲಿ ಈಜಿಪ್ಟಿನೊಡನೆ ಮತ್ತೊಂದು ಅಂತಿಮ ಪಂದ್ಯ. ಆಟ ಮೊದಲಾಗಿ ಏಳನೆಯ ಮಿನಿಟಿನಲ್ಲಿಯೇ ದೊರೆತ ಪೆನಾಲ್ಟಿಯನ್ನು ಮಾನೆಯವರು ಒದೆಯಲಾಗಿ, ಎದುರಾಳಿಯ ಗೋಲುರಕ್ಷಕನು ಅದನ್ನು ತಡೆದನು. ನೂರಿಪ್ಪತ್ತು ಮಿನಿಟುಗಳಾದರೂ ಗೋಲಿಲ್ಲ. ಕಡೆಗೆ ಮತ್ತೆ ಪೆನಾಲ್ಟಿಗಳೇ ಗತಿಯಾದುವು. ಗೆಲುವನ್ನು ನಿರ್ಣಯಿಸುವ ಕಡೆಯ ಒದೆತವು ಯಾರ ಪಾಲಿಗೆ ಬಂದಿತು? ಅಂದೇ ಒಮ್ಮೆ ತಪ್ಪಿದ ಅದೇ ಕಾಲಿಗೆ! ಈ ಸಾರಿ ಚೆಂಡು ಬಲೆಯನ್ನು ಸೇರಿತು. ಕಪ್ಪು ಸೆನೆಗಲ್ಲಿಗೆ ಬಂದಿತು. ತಂಡದ ತರಬೇತುದಾರರಾದ ಅಲಿಯೂ ಸಿಸ್ಸೆಯವರು ೨೦೦೨ರಲ್ಲಿ ನಾಯಕರಾಗಿದ್ದಾಗ ಇದೇ ಕಪ್ಪಿನ ಅಂತಿಮ ಪಂದ್ಯದಲ್ಲಿ ತಾವೂ ಪೆನಾಲ್ಟಿಯನ್ನು ತಪ್ಪಿದವರು. ಇಪ್ಪತ್ತು ವರ್ಷಗಳ ಹಳೆಯ ನೋವೊಂದು ಅಂದು ಆರಿತು.

ಇಷ್ಟನ್ನು ಓದಿದ ಮೇಲೆ, ನಮ್ಮ ಹುಡುಗರನ್ನೂ ಕಳುಹಿಸೋಣವೆಂದು ಆಫ್ರಿಕಾದ ಸಾವಿರಾರು ಮನೆಗಳಲ್ಲಿ ಹಿರಿಯರು ಎಣಿಸಿದುದರಲ್ಲಿ ಆಶ್ಚರ್ಯವೇನು? ಈ ಆಸೆಯನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳು ಪಡುವಣ ಆಫ್ರಿಕಾದ ಪಟ್ಟಣಗಳಲ್ಲಿ ತುಂಬಿದರು. ಅವರು ಅನುಸರಿಸುವ ಕ್ರಮವು ಎಲ್ಲೆಡೆಯೂ ಒಂದೇ. ಹುಡುಗನ ಆಟವನ್ನು ಹೊಗಳುವುದು; ಯುರೋಪಿನ ದೊಡ್ಡ ಕ್ಲಬ್ಬೊಂದು ಪರೀಕ್ಷೆಗೆ ಕರೆದಿದೆಯೆಂದು ಪತ್ರವನ್ನು ತೋರಿಸುವುದು; ಪಾಸ್‌ಪೋರ್ಟು, ವೀಸಾ, ವಿಮಾನದ ಖರ್ಚಿಗೆಂದು ಮನೆಯವರಿಂದ ಹಣ ಕೀಳುವುದು. ಮನೆಯವರು ಹೊಲ ಮಾರುವರು, ಸಾಲ ಮಾಡುವರು. ಪ್ರವಾಸಿಯ ವೀಸಾದಲ್ಲಿ ಹೋದ ಹುಡುಗನನ್ನು ಪ್ಯಾರಿಸಿನ ಹೋಟೆಲೊಂದರಲ್ಲಿ ಇಳಿಸಿ ದಲ್ಲಾಳಿಯು ಕಣ್ಮರೆಯಾಗುವನು. ವಿಚಾರಿಸಿದರೆ ಯಾವ ಕ್ಲಬ್ಬೂ ಕರೆದಿರುವುದಿಲ್ಲ. ಹಿಂದಿರುಗಲು ಹಣವಿಲ್ಲ, ಇದ್ದರೂ, ಹೊಲ ಮಾರಿದ ತಂದೆಗೆ ಮುಖ ತೋರಿಸಲು ಮನಸ್ಸಿಲ್ಲ. ಹೀಗೆ ಬೀದಿಪಾಲಾದ ಹುಡುಗರ ನೆರವಿಗಾಗಿ, ಕ್ಯಾಮರೂನಿನ ಪರವಾಗಿ ಆಡಿದ್ದ ಜಾನ್ ಕ್ಲೋದ್ ಎಂಬ್ವೂಮಿನ್ ಅವರು ೨೦೦೦ದಲ್ಲಿ ಫ್ರಾನ್ಸಿನಲ್ಲಿ ಫೂಟ್ ಸಾಲಿದೇರ್ ಎಂಬ ಸಂಸ್ಥೆಯನ್ನೇ ಕಟ್ಟಬೇಕಾಯಿತು.

ಈ ಅನ್ಯಾಯಗಳು ಬಯಲಾಗಿ, ಕಾಲ್ಚೆಂಡಿನ ಸರ್ವರಾಷ್ಟ್ರೀಯ ಸಂಸ್ಥೆಯಾದ ಫೀಫಾ ೨೦೦೧ರಲ್ಲಿ ಒಂದು ನಿಯಮವನ್ನು ಮಾಡಿತು. ಹದಿನೆಂಟು ವರ್ಷ ತುಂಬದ ಹುಡುಗನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸಿಕೊಳ್ಳಕೂಡದು. ತಂದೆತಾಯಿಗಳೇ ಬೇರೆ ಕಾರಣದಿಂದ ಆ ದೇಶದಲ್ಲಿ ನೆಲೆಸಿದ್ದರೆ ಎಂಬಂತಹ ಕೆಲವು ವಿನಾಯಿತಿಗಳು ಮಾತ್ರ ಉಂಟು. ಆಟಗಾರನನ್ನು ದೇಶಾಂತರದ ಕ್ಲಬ್ಬು ಹಣ ಕೊಟ್ಟು ಕೊಂಡಾಗ, ಆ ಹಣದಲ್ಲಿ ನೂರಕ್ಕೆ ಐದರಷ್ಟನ್ನು, ಅವನ ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ತರಬೇತಿಯನ್ನಿತ್ತ ಕ್ಲಬ್ಬುಗಳಿಗೆ ಹಂಚಬೇಕೆಂಬ ಕಟ್ಟಳೆಯೂ ಬಂದಿತು. ಕಟ್ಟಳೆಯನ್ನು ಮೀರಿದವರು ಚಿಕ್ಕವರಷ್ಟೇ ಅಲ್ಲ. ೨೦೧೪ರಲ್ಲಿ ಬಾರ್ಸಿಲೋನಾ ಕ್ಲಬ್ಬೂ, ೨೦೧೬ರಲ್ಲಿ ಮ್ಯಾಡ್ರಿಡ್ ನಗರದ ಎರಡು ದೊಡ್ಡ ಕ್ಲಬ್ಬುಗಳೂ ಬಾಲಕರ ವಿಷಯದಲ್ಲಿ ನಿಯಮ ಮುರಿದುದಕ್ಕಾಗಿ ದಂಡನೆಗೆ ಒಳಗಾದುವು.

ಮಾನೆಯವರ ವೃತ್ತಾಂತವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ಅವರು ಬಾಲ್ಯದಲ್ಲಿ ಒಬ್ಬರೇ ಓಡಿಹೋದ ದಾರಿಯು ಅವರನ್ನು ಎಲ್ಲಿಗೂ ಮುಟ್ಟಿಸಲಿಲ್ಲ. ಮುಟ್ಟಿಸಿದುದು ಎರಡನೆಯ ಪ್ರಯಾಣ. ಒಂದು ವರ್ಷದ ಓದು, ಹಿರಿಯರ ಒಪ್ಪಿಗೆ, ಊಟ ವಸತಿಗಳುಳ್ಳ ಶಾಲೆ, ಹದಿನೆಂಟು ತುಂಬಿದ ಬಳಿಕ ಒಪ್ಪಂದವಿದ್ದ ಕ್ಲಬ್ಬು ಇವೆಲ್ಲ ಮೆಟ್ಟಿಲಿನ ಮೇಲೆ ಮೆಟ್ಟಿಲಾಗಿ ಅಲ್ಲಿ ಒದಗಿದುವು. ಹುಲ್ಲಿನಲ್ಲಿ ಚೀಲವನ್ನು ಬಚ್ಚಿಟ್ಟ ಸಾಹಸವನ್ನು ಹುಡುಗರು ನೆನೆಯುವರು; ಆ ಸಾಹಸದ ಮರುವರ್ಷ ಬೆಳೆ ಮಾರಿದ ಹಿರಿಯರನ್ನು ಯಾರೂ ನೆನೆಯುವುದಿಲ್ಲ.

ಆದರೆ ಮಾನೆಯವರು ನೆನೆದರು. ೨೦೧೯ರಲ್ಲಿ ಬಂಬಾಲಿಯಲ್ಲಿ ಅವರ ಹಣದಿಂದ ಶಾಲೆಯು ಎದ್ದಿತು. ೨೦೨೧ರ ಜೂನ್ ತಿಂಗಳಲ್ಲಿ ಆಸ್ಪತ್ರೆಯು ತೆರೆಯಿತು. ಅದಕ್ಕೆ ತಗುಲಿದ ವೆಚ್ಚವು ಸುಮಾರು ೫ ಲಕ್ಷ ಪೌಂಡುಗಳೆಂದು ವರದಿಯಾಗಿದೆ. ಸುತ್ತಲಿನ ೩೪ ಹಳ್ಳಿಗಳವರಿಗೆ ಅದು ಆಶ್ರಯವೆನಿಸಿತು. ಕಟ್ಟಡವನ್ನು ಕಟ್ಟಿಸಿದರೆ ಸಾಲದೆಂದು ತಿಳಿದು, ಆಗಿನ ರಾಷ್ಟ್ರಾಧ್ಯಕ್ಷರಾದ ಮಾಕಿ ಸಾಲ್ ಅವರನ್ನು ತಾವೇ ಕಂಡು, ವೈದ್ಯರನ್ನೂ ಸಿಬ್ಬಂದಿಯನ್ನೂ ಒದಗಿಸುವಂತೆ ಕೇಳಿಕೊಂಡರು. ತಮ್ಮ ತಂಗಿಯೂ ಆಸ್ಪತ್ರೆಯಿಲ್ಲದೆ ಮನೆಯಲ್ಲಿಯೇ ಹುಟ್ಟಿದವಳೆಂದು ಅವರು ಹೇಳಿದ್ದುಂಟು. ಇಂತಹ ಕೆಲಸಗಳಿಗಾಗಿ ೨೦೨೨ರಲ್ಲಿ ಫ್ರಾನ್ಸಿನಲ್ಲಿ ಅವರಿಗೆ ಸಾಕ್ರಟೀಸ್ ಪ್ರಶಸ್ತಿಯು ಸಂದಿತು. ಆಟಗಾರರ ಸಮಾಜಸೇವೆಗೆಂದು ಆ ವರ್ಷವೇ ಹೊಸದಾಗಿ ಏರ್ಪಟ್ಟ ಪ್ರಶಸ್ತಿಯದು.

೨೦೨೨ರ ಬೇಸಗೆಯಲ್ಲಿ ಮಾನೆಯವರು ಬಾಯರ್ನ್ ಮ್ಯೂನಿಕ್ಕಿಗೆ ಹೋದರು. ಆ ನವೆಂಬರಿನಲ್ಲಿ ಕಾಲಿಗೆ ಪೆಟ್ಟು ಬಿದ್ದು ವಿಶ್ವಕಪ್ಪು ತಪ್ಪಿಹೋಯಿತು. ಮರುವರ್ಷ ಆಗಸ್ಟಿನಲ್ಲಿ ಅರಬ್ಬೀ ನಾಡಿನ ಅಲ್ ನಸ್ರ್ ತಂಡವನ್ನು ಸೇರಿದರು. ಯುರೋಪಿನ ಹನ್ನೆರಡು ವರ್ಷಗಳ ಅಧ್ಯಾಯವು ಅಲ್ಲಿಗೆ ಮುಗಿಯಿತು. ಆಟಗಾರನ ಕಾಲುಗಳು ಬಾಳುವ ಕಾಲವು ಇಷ್ಟೇ. ಗದ್ದೆಯಂತೆ ಅವು ಮಕ್ಕಳು ಮೊಮ್ಮಕ್ಕಳಿಗೆ ಉಳಿಯತಕ್ಕವಲ್ಲ.

ಮಕ್ಕಳ ಹಂಬಲವು ಯಾವ ಕಡೆಗೆ ಹರಿಯುವುದೆಂದು ಹಿರಿಯರು ಮೊದಲೇ ಬಲ್ಲವರಲ್ಲ. ಅದು ಆಟವಾಗಿರಬಹುದು, ಸಂಗೀತವಾಗಿರಬಹುದು, ಕಾಣದ ಊರಿನ ಉದ್ಯೋಗವಾಗಿರಬಹುದು. ಬೇಡವೆಂದು ಬಾಗಿಲಿಗೆ ಅಗುಳಿ ಹಾಕಿದರೆ ಚೀಲವು ಹುಲ್ಲನ್ನು ಸೇರುವುದು. ಆಗಲೆಂದು ಕಣ್ಣುಮುಚ್ಚಿ ಹಣ ಸುರಿದರೆ ದಲ್ಲಾಳಿಯ ಜೇಬು ತುಂಬುವುದು. ಒಂದು ವರ್ಷದ ಗಡುವನ್ನಿಟ್ಟು, ಆ ವರ್ಷದಲ್ಲಿ ಮಗನ ಮನಸ್ಸನ್ನು ಪರೀಕ್ಷಿಸಿ, ಕಳುಹಿಸುವ ಸ್ಥಳವು ಎಂತಹು­ದೆಂದು ವಿಚಾರಿಸಿ, ಆಮೇಲೆ ಕೊಟ್ಟ ಮಾತಿನಂತೆ ನಡೆದುಕೊಂಡ ಆ ಹಳ್ಳಿಯ ಮನೆಯವರಿಗೆ ಓದು ಬರಹ ಎಷ್ಟಿತ್ತೋ ನಾವು ಕೇಳಬೇಕಾದುದಿಲ್ಲ; ವಿವೇಕವಿದ್ದಿತು. ಇಂದು ಬಂಬಾಲಿಯ ಇನ್ನೊಬ್ಬ ಹುಡುಗನ ತಂದೆಗೆ ಕಾಯಿಲೆಯಾದರೆ ಬೇರೆ ಊರಿಗೆ ಹೊತ್ತುಕೊಂಡು ಹೋಗಬೇಕಾದ ಅವಸ್ಥೆಯನ್ನು ತಪ್ಪಿಸಲೆಂದು ಊರಿನಲ್ಲಿ ಒಂದು ಕಟ್ಟಡವು ನಿಂತಿದೆ. ಅಂದು ಆ ಮನೆಯವರು ಮಾರಿದ ಧಾನ್ಯಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆ ಯಾವ ಸಂತೆಯಲ್ಲಿ ದೊರೆಯುತ್ತಿದ್ದಿತು?